ಫುಟ್‌ಬಾಲೋ ಕ್ರಿಕೆಟ್ಟೋ, ಯಾವುದನ್ನು ಬಿಡಿಸುವುದು?

ಕಾಸರಗೋಡಿನ ಒಂದು ಹಳ್ಳಿ ಕ್ಲಬ್ಬಿನ ಕಾರ್ಯದರ್ಶಿ ನಾನು. ಹೆತ್ತವರು ನನ್ನಲ್ಲಿ ಮತ್ತೆ ಮತ್ತೆ ಕೇಳುವುದು ಇದನ್ನೇ: "ಇವನು ಎರಡೂ ಆಡ್ತಾನೆ ಮಾರಾಯ್ರೇ, ಯಾವುದನ್ನು ಬಿಡಿಸುವುದು?" ಎರಡು ದೋಣಿಯಲ್ಲಿ ಕಾಲಿಟ್ಟವ ನೀರಿಗೆ ಬೀಳುತ್ತಾನೆ ಎಂಬ ಭಯ ಅವರಿಗೆ. ನನ್ನ ಉತ್ತರ: ಪ್ಲಸ್ ಟೂ ಮುಗಿಯುವವರೆಗೆ ಯಾವುದನ್ನೂ ಬಿಡಿಸಬೇಡಿ.

ಭಯ ಹುಟ್ಟಿದ್ದಕ್ಕೂ ಕಾರಣ ಇದೆ. ತಳಂಗರೆಯ ಮೊಹಮ್ಮದ್ ಅಜರುದ್ದೀನ್ 2021ರಲ್ಲಿ ವಾಂಖೆಡೆಯಲ್ಲಿ ಕೇರಳದ ಪರ ಮುಂಬೈ ವಿರುದ್ಧ 54 ಎಸೆತಗಳಲ್ಲಿ ಅಜೇಯ 137 ಹೊಡೆದ ಮೇಲೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಕ್ರಿಕೆಟ್ ಎಂದರೆ ಉದ್ಯೋಗದ ದಾರಿಯಾಯಿತು. ತ್ರಿಕ್ಕರಿಪುರದ ಕಡೆಯವರಿಗೆ ಫುಟ್‌ಬಾಲೇ ಎಲ್ಲ. ಅಲ್ಲಿನ ಮೊಹಮ್ಮದ್ ರಫಿ 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಹೆಡರ್‌ನಲ್ಲಿ ಗೋಲು ಹೊಡೆದವರು. ಒಂದನ್ನೇ ಹಿಡಿದರೆ ಮೇಲೆ ಹೋಗಬಹುದು ಎಂದು ಅಪ್ಪಂದಿರಿಗೆ ಅನಿಸುವುದು ಸಹಜ.

ಅಂಥವರಿಗೆ ನಾನು ಜಿಮ್ ಕಂಬ್ಸ್ ಅವರ ಕತೆ ಹೇಳುತ್ತೇನೆ. ಇಂಗ್ಲೆಂಡಿನ ಈ ಎತ್ತರದ ಮನುಷ್ಯ ಚಳಿಗಾಲದಲ್ಲಿ ಗೋಲ್‌ಕೀಪರ್, ಬೇಸಿಗೆಯಲ್ಲಿ ವೇಗದ ಬೌಲರ್. 1974ರಲ್ಲಿ ವೂಸ್ಟರ್‌ಶೈರ್ ಇಂಗ್ಲೆಂಡಿನ ದೇಶೀಯ ಕ್ರಿಕೆಟ್‌ನ ಕೌಂಟಿ ಚಾಂಪಿಯನ್ ಆದಾಗ ಆ ತಂಡದಲ್ಲಿದ್ದರು. ಮರುವರ್ಷ ಮಾರ್ಚ್ 1ರಂದು ವೆಂಬ್ಲಿಯಲ್ಲಿ ನಾರ್ವಿಚ್ ವಿರುದ್ಧ ಆಸ್ಟನ್ ವಿಲ್ಲಾ 1-0ರಿಂದ ಫುಟ್‌ಬಾಲಿನ ಲೀಗ್ ಕಪ್ ಗೆದ್ದಾಗ ವಿಲ್ಲಾದ ಗೋಲು ಕಾದವರೂ ಅವರೇ. ನಮ್ಮಲ್ಲಿ ಚುನಿ ಗೋಸ್ವಾಮಿ ಇನ್ನೂ ದೊಡ್ಡ ಹೆಸರು: 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ಫುಟ್‌ಬಾಲ್ ತಂಡದ ನಾಯಕ. 1966ರಲ್ಲಿ ಇಂದೋರಿನಲ್ಲಿ ಪ್ರವಾಸಿ ವೆಸ್ಟ್ ಇಂಡೀಸ್ ಇನ್ನಿಂಗ್ಸ್ ಸೋಲು ಕಂಡ ಪಂದ್ಯದಲ್ಲಿ 8 ವಿಕೆಟ್ ಕಿತ್ತವರು. ಬಂಗಾಳವನ್ನು ರಣಜಿ ಫೈನಲಿಗೆ ಕೊಂಡೊಯ್ದ ನಾಯಕ ಕೂಡ.

ಇವತ್ತು ಆ ಎತ್ತರದಲ್ಲಿ ಎರಡನ್ನೂ ಆಡಲು ವೇಳಾಪಟ್ಟಿ ಬಿಡುವುದಿಲ್ಲ, ಒಪ್ಪುತ್ತೇನೆ. ಆದರೆ ಹದಿಮೂರರ ಹುಡುಗನಿಗೆ ಯಾವ ವೇಳಾಪಟ್ಟಿ? ಗೋಲ್‌ನಲ್ಲಿ ಹಾರಿ ಚೆಂಡು ಹಿಡಿದವನ ಕೈ ಸ್ಲಿಪ್‌ನಲ್ಲೂ ಹೆದರುವುದಿಲ್ಲ. ವರ್ಷವಿಡೀ ಬರೀ ಬೌಲಿಂಗ್ ಮಾಡಿಸಿದರೆ ಬೆಳೆಯುವ ಬೆನ್ನುಮೂಳೆಗೆ ಪೆಟ್ಟು. ಆಟ ಬದಲಾದರೆ ಬೆನ್ನಿಗೂ ಬಿಡುವು. ನಮ್ಮ ಮಕ್ಕಳು ತಾವಾಗಿಯೇ ಹಾಗೆ ಬದಲಾಯಿಸುತ್ತಾರೆ. ಆಟಿ ತಿಂಗಳ ಮಳೆಯಲ್ಲಿ ಕೆಸರಿನಲ್ಲಿ ಫುಟ್‌ಬಾಲ್, ಕೊಯ್ಲು ಮುಗಿದ ಗದ್ದೆಯಲ್ಲಿ ಕ್ರಿಕೆಟ್. ಒಣಗಿದ ಕೊತ್ತಳಿಗೆಯನ್ನು, ಅಂದರೆ ತೆಂಗಿನ ಗರಿಯ ದಪ್ಪ ಬುಡವನ್ನು, ಕತ್ತಿಯಿಂದ ಬ್ಯಾಟಿನಂತೆ ಕೆತ್ತಿ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ, ಬಿಗಿಯಾಯಿತೇ ಎಂದು ಕಲ್ಲಿಗೆ ಬಡಿದು ನೋಡುವ ಹುಡುಗನ ಏಕಾಗ್ರತೆಯನ್ನು ಯಾವ ಕೋಚಿಂಗ್ ಕ್ಯಾಂಪ್ ಕೊಡುತ್ತದೆ?

ಇನ್ನೊಂದು ಮಾತೂ ಇದೆ, ಅದು ನನಗೆ ಬಹಳ ಮುಖ್ಯ. ಕಂಬ್ಸ್ ಆಟ ಬಿಟ್ಟ ಮೇಲೆ ಕ್ಲಬ್ ನಡೆಸುವ ಕೆಲಸಕ್ಕೆ ಇಳಿದು, ತಾವು ಬೌಲಿಂಗ್ ಶುರು ಮಾಡಿದ್ದ ಲ್ಯಾಂಕಾಶೈರ್ ಕ್ರಿಕೆಟ್ ಕ್ಲಬ್ಬಿನಲ್ಲೇ ಚೀಫ್ ಎಕ್ಸಿಕ್ಯುಟಿವ್ ಆದರು. ಅವರ ಕಾಲದಲ್ಲೇ ಕ್ಲಬ್ಬಿನ ತವರು ಮೈದಾನ ಓಲ್ಡ್ ಟ್ರಾಫರ್ಡ್‌ನ ಮೂಡು-ಪಡು ಪಿಚ್‌ಗಳನ್ನು ತೆಂಕು-ಬಡಗಿಗೆ ತಿರುಗಿಸಿದರು, ಏಕೆಂದರೆ ಇಳಿಹೊತ್ತಿನ ಬಿಸಿಲು ಬ್ಯಾಟ್ಸ್‌ಮನ್ ಕಣ್ಣಿಗೆ ಹೊಡೆದು ಆಟವೇ ನಿಲ್ಲುತ್ತಿತ್ತು. ಮೈದಾನದ ಆ ಕೆಲಸದಿಂದಾಗಿ 2011ರಲ್ಲಿ ಹೆಚ್ಚಿನ ತವರು ಪಂದ್ಯಗಳನ್ನು ಲಿವರ್‌ಪೂಲಿನಲ್ಲಿ ಆಡಿಯೂ ತಂಡ ಕೌಂಟಿ ಚಾಂಪಿಯನ್ ಆಯಿತು. ಯಾರೊಂದಿಗೂ ಹಂಚಿಕೊಳ್ಳದೆ ಆ ಪಟ್ಟ ಸಿಕ್ಕಿದ್ದು 1934ರ ನಂತರ ಅದೇ ಮೊದಲು.

ನಮ್ಮ ಗದ್ದೆಯಲ್ಲೂ ಅದೇ ತೊಂದರೆ: ಸೂರ್ಯ ಕಡಲಿಗಿಳಿಯುವ ಹೊತ್ತಿಗೆ ಪಡುವಣಕ್ಕೆ ಮುಖ ಮಾಡಿದ ಕೀಪರ್‌ಗೂ ಬ್ಯಾಟ್ಸ್‌ಮನ್‌ಗೂ ಚೆಂಡು ಕಾಣದು. ಗೋಲ್ ಕಂಬ ಎಲ್ಲಿ ನೆಡಬೇಕು, ಮ್ಯಾಟ್ ಎತ್ತ ಹಾಸಬೇಕು ಎನ್ನುವುದು ಎರಡೂ ಆಡಿದವನಿಗೆ ಹೇಳದೆ ಗೊತ್ತಿರುತ್ತದೆ. ಕಾಸರಗೋಡಿನ ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್‌ಗಳು ನಿಂತಿರುವುದೇ ಇಂಥವರ ಮೇಲೆ. ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವವರು, ಗದ್ದೆಯ ಧಣಿಯನ್ನು ಒಪ್ಪಿಸುವವರು, ಸೆವೆನ್ಸ್ (ಏಳು ಜನರ ಫುಟ್‌ಬಾಲ್) ಟೂರ್ನಮೆಂಟಿನ ರಾತ್ರಿ ಲೈಟಿನ ವಯರ್ ಎಳೆಯುವವರು ಬೇಕು. ಮಲಯಾಳ, ತುಳು, ಕನ್ನಡ, ಬ್ಯಾರಿ ಮನೆಗಳ ಹುಡುಗರನ್ನು ಒಂದೇ ತಂಡದಲ್ಲಿ ಕೂರಿಸುವವರೂ ಬೇಕು.

ಹಾಗಾಗಿ ಕೇಳಲು ಬಂದ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದಿಷ್ಟು. ಬೆನ್ನು, ಮೊಣಕಾಲು ನೋವು ಎಂದರೆ ಎರಡನ್ನೂ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಪರೀಕ್ಷೆ ಹತ್ತಿರ ಬಂದರೆ ಸಂಜೆ ಒಂದು ಗಂಟೆ ಸಾಕು. ಭಾನುವಾರ ಮಾತ್ರ ಅವನನ್ನು ನಮಗೆ ಬಿಡಿ: ಬೆಳಿಗ್ಗೆ ಆಡಲಿ, ಮಧ್ಯಾಹ್ನ ಸ್ಕೋರ್ ಪುಸ್ತಕ ಬರೆಯಲಿ, ಸಂಜೆ ಸುಣ್ಣದ ಗೆರೆ ಎಳೆಯಲು ನಮ್ಮೊಂದಿಗೆ ನಿಲ್ಲಲಿ.