ಎಂಬತ್ತಾರನ್ನು ನೋಡು

ನಮ್ಮ ಪಕ್ಕದ ಮನೆಯ ಗ್ಯಾರೇಜಿನಲ್ಲಿ ತಂದೆ ಮಗನ ನಡುವೆ ಒಂದು ವಾದ ಶುರುವಾಗಿ ಎಂಟೊಂಬತ್ತು ವರ್ಷವಾಯಿತು. ಆಸ್ತಿಪಾಸ್ತಿಗಾಗಿ ಅಲ್ಲ, ಹೈನ್ಸ್ ವಾರ್ಡ್ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರನಿಗಾಗಿ. ಹಾಲ್ ಆಫ್ ಫೇಮ್‌ನಲ್ಲಿ, ಅಂದರೆ ಆ ಆಟದ ಮಹಾನ್ ಆಟಗಾರರ ಗೌರವ ಪಟ್ಟಿಯಲ್ಲಿ, ಅವನಿಗೆ ಜಾಗ ಸಿಗಬೇಕು ಎಂದು ತಂದೆ, ಅಷ್ಟು ಅರ್ಹತೆ ಇಲ್ಲ ಎಂದು ಮಗ. ಸೆಪ್ಟೆಂಬರ್ ಬಂತೆಂದರೆ ಗ್ಯಾರೇಜಿನ ಬಾಗಿಲು ಮೇಲೇಳುತ್ತದೆ, ಗೋಡೆಗೆ ಹೊಡೆದ ಹಳೆಯ ಟಿವಿ ಹೊತ್ತಿಕೊಳ್ಳುತ್ತದೆ, ಮಡಚುವ ಕುರ್ಚಿಗಳು ಹೊರಬರುತ್ತವೆ. ಅರ್ಧ ಗಂಟೆಯೊಳಗೆ ಮಾತು ವಾರ್ಡ್ ಹತ್ತಿರ ಬಂದು ನಿಂತಿರುತ್ತದೆ. ಈಗ ನಾನೂ ಆ ವಾದದಲ್ಲಿ ಸೇರಿಹೋಗಿದ್ದೇನೆ. ನನ್ನದು ಅಜ್ಜನ ಪಕ್ಷ.

ಅಜ್ಜ ಅಂದರೆ ಆ ಮನೆಯ ಯಜಮಾನರು. ಅಮೆರಿಕದ ಪಿಟ್ಸ್‌ಬರ್ಗ್ ಬಳಿಯ ಬ್ರ್ಯಾಡಕ್‌ನ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತರಾದವರು. ಅವರ ಇಂಗ್ಲಿಷು ಈ ಸೀಮೆಯದೇ. ‘ನೀವೆಲ್ಲ’ ಅನ್ನುವುದಕ್ಕೆ ‘ಯಿನ್ಸ್’ ಅನ್ನುತ್ತಾರೆ, ಪಿಟ್ಸ್‌ಬರ್ಗ್‌ನ ಫುಟ್‌ಬಾಲ್ ತಂಡ ಸ್ಟೀಲರ್ಸ್ ಅವರ ಬಾಯಲ್ಲಿ ‘ಸ್ಟಿಲ್ಲರ್ಸ್’ ಆಗುತ್ತದೆ. ಮಂಡ್ಯದವಳಾದ ನನಗೆ ಸೀಮೆಯ ಮಾತು ಬಿಡದವರನ್ನು ಕಂಡರೆ ಮೊದಲಿನಿಂದಲೂ ಒಂದು ಕೈ ಪ್ರೀತಿ ಜಾಸ್ತಿ.

ನಾವು ಪಿಟ್ಸ್‌ಬರ್ಗ್‌ನ ಪೂರ್ವಕ್ಕಿರುವ ಮನ್ರೋವಿಲ್‌ಗೆ ಬಂದದ್ದು 2003ರಲ್ಲಿ. ಪಕ್ಕದ ಪೆನ್ ಹಿಲ್ಸ್‌ನಲ್ಲಿ 1976ರಲ್ಲಿ ಕಟ್ಟಿದ ವೆಂಕಟೇಶ್ವರ ದೇವಸ್ಥಾನ ಇದೆ. ಭಾನುವಾರ ಅಲ್ಲಿ ದರ್ಶನ ಮುಗಿಸಿ, ಕೆಳಗಡೆ ಪುಳಿಯೋಗರೆ ತಿಂದು ಹೊರಗೆ ಬಂದರೆ ಪಾರ್ಕಿಂಗಿನಲ್ಲಿ ನಮ್ಮವರ ಕಾರುಗಳ ಗಾಜಿನಲ್ಲೂ ಹಳದಿ ಟವೆಲು. ಸ್ಟೀಲರ್ಸ್ ಅಭಿಮಾನಿಗಳು ಬೀಸುವ ಅದಕ್ಕೆ ‘ಟೆರಿಬಲ್ ಟವೆಲ್’ ಅಂತ ಹೆಸರು. ರೇಡಿಯೊದಲ್ಲಿ ವೀಕ್ಷಕ ವಿವರಣೆ ಹೇಳುತ್ತಿದ್ದ ಮೈರನ್ ಕೋಪ್ 1975ರಲ್ಲಿ ಹುಟ್ಟುಹಾಕಿದ್ದು. 1996ರಲ್ಲಿ ಅವರು ಅದರ ಹಕ್ಕನ್ನೇ ಬುದ್ಧಿಮಾಂದ್ಯರನ್ನು ನೋಡಿಕೊಳ್ಳುವ ಶಾಲೆಯೊಂದಕ್ಕೆ ಬರೆದುಕೊಟ್ಟರು. ಅವರ ಮಗನೂ ಅಲ್ಲೇ ಇದ್ದ. ಇದನ್ನು ಕೇಳಿದ ದಿನವೇ ನಾನೂ ಒಂದು ಟವೆಲು ಕೊಂಡೆ. ಆಟ ಆಮೇಲೆ ಅರ್ಥವಾಯಿತು.

ಊರಲ್ಲಿರುವವರಿಗೆ ಎರಡು ಮಾತಿನಲ್ಲಿ ಹೇಳುವುದಾದರೆ, ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಯಾರ ಕೈಯಲ್ಲಿದೆಯೋ ಅವರು ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅಂಚಿನಲ್ಲಿ ನಿಂತು, ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾದ ಕೂಡಲೇ ದೂರ ಓಡಿ ಅದನ್ನು ಹಿಡಿಯುವವನು ವೈಡ್ ರಿಸೀವರ್. ಎಸೆಯದೆ ಕೈಗೇ ಕೊಟ್ಟರೆ ಅದನ್ನು ಎದೆಗವಚಿಕೊಂಡು ನುಗ್ಗುವವನು ರನ್ನಿಂಗ್ ಬ್ಯಾಕ್. ರಿಸೀವರನ ಹೆಸರಿನ ಮುಂದೆ ಬರೆಯುವುದು ಎಷ್ಟು ಕ್ಯಾಚು, ಎಷ್ಟು ಗಜ, ಎಷ್ಟು ಟಚ್‌ಡೌನ್, ಅಂದರೆ ಎಷ್ಟು ಸಲ ಚೆಂಡಿನೊಂದಿಗೆ ಎದುರಾಳಿಯ ಗೋಲು ಗೆರೆ ಮುಟ್ಟಿದ ಎಂಬುದನ್ನು.

ವಾರ್ಡ್ 1998ರಲ್ಲಿ ತಂಡಕ್ಕೆ ಬಂದ. ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಅವನಿಗಿಂತ ಮುಂಚೆ 91 ಜನ ಆಯ್ಕೆಯಾಗಿದ್ದರು. ಚಿಕ್ಕಂದಿನ ಪೆಟ್ಟಿನಿಂದ ಎಡ ಮಂಡಿಯಲ್ಲಿ ಒಂದು ಮುಖ್ಯ ಅಸ್ಥಿರಜ್ಜುವೇ ಇಲ್ಲದ ಹುಡುಗ. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ, ರನ್ನಿಂಗ್ ಬ್ಯಾಕ್ ಆಗಿ, ರಿಸೀವರ್ ಆಗಿ ಎಲ್ಲಿ ಹಾಕಿದರೆ ಅಲ್ಲಿ ಆಡಿದವನು. ಮುಂದೆ 14 ವರ್ಷ ಪಿಟ್ಸ್‌ಬರ್ಗ್ ಬಿಟ್ಟು ಕದಲಲಿಲ್ಲ. 86ನೇ ನಂಬರಿನ ಜೆರ್ಸಿ. 1,000 ಕ್ಯಾಚು, 12,083 ಗಜ, 85 ಟಚ್‌ಡೌನ್. ಸಾವಿರನೆಯ ಕ್ಯಾಚು ಹಿಡಿದದ್ದು 2012ರ ಜನವರಿ 1ರಂದು, ಕ್ಲೀವ್‌ಲ್ಯಾಂಡಿನಲ್ಲಿ, ಅವನ ಕೊನೆಯ ಲೀಗ್ ಪಂದ್ಯದಲ್ಲಿ. ನಿವೃತ್ತಿಯಾಗಿ ಐದು ವರ್ಷ ಕಳೆದರೆ ಒಹಾಯೊದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ ಅರ್ಹತೆ. ಹಾಗಾಗಿ 2017ರಿಂದ ಪ್ರತಿ ವರ್ಷ ಅವನ ಹೆಸರು ಚರ್ಚೆಗೆ ಬರುತ್ತದೆ, ಬಾಗಿಲು ಮಾತ್ರ ತೆರೆದಿಲ್ಲ.

ಅಜ್ಜನ ಮಗ ಫ್ಯಾಂಟಸಿ ಲೀಗ್ ಆಡುವವನು, ಅಂಕಿಗಳೆಲ್ಲ ಅವನ ನಾಲಿಗೆಯ ತುದಿಯಲ್ಲೇ. ಅವನ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ‘ಅಪ್ಪ, ಟೋರಿ ಹೋಲ್ಟ್ ನೋಡಿ’ ಅನ್ನುತ್ತಾನೆ. ಹೋಲ್ಟ್ ಕೂಡ ರಿಸೀವರ್, 11 ವರ್ಷದಲ್ಲಿ 13,382 ಗಜ ಗಳಿಸಿದವನು. ಅಂದರೆ ವಾರ್ಡ್‌ಗಿಂತ ಮೂರು ವರ್ಷ ಕಡಿಮೆ ಆಡಿ 1,299 ಗಜ ಜಾಸ್ತಿ. ಸಾಲಾಗಿ ಆರು ಸೀಸನ್ 1,300 ಗಜ ದಾಟಿದ. ವಾರ್ಡ್ 1,300 ದಾಟಿದ್ದು 2002ರಲ್ಲಿ ಒಂದೇ ಸಲ. ಹೋಲ್ಟೇ ಇನ್ನೂ ಹೊರಗೆ ಕಾಯುತ್ತಿರುವಾಗ ವಾರ್ಡ್‌ಗೆ ಯಾವ ಲೆಕ್ಕದಲ್ಲಿ ಜಾಗ?

ಅಜ್ಜ ಅದಕ್ಕೆ ಲಿನ್ ಸ್ವಾನ್ ಹೆಸರು ತೆಗೆಯುತ್ತಾರೆ. 1974ರಿಂದ 1982ರವರೆಗೆ ಇದೇ ಸ್ಟೀಲರ್ಸ್‌ಗೆ ಆಡಿದ ರಿಸೀವರ್. ಅವನ ಇಡೀ ಆಟದ ಬದುಕಿನ ಕ್ಯಾಚು 336, ಗಜ 5,462. ವಾರ್ಡ್‌ನ ಅರ್ಧದಷ್ಟೂ ಇಲ್ಲ. 2001ರಲ್ಲಿ ಸ್ವಾನ್ ಹಾಲ್ ಆಫ್ ಫೇಮ್ ಸೇರಿದ.

‘ಅದು ಬೇರೆ ಕಾಲ’ ಎಂದು ಮಗ. ಅದೂ ನಿಜವೇ. ಆಗ ರಿಸೀವರನನ್ನು ಓಟದ ಉದ್ದಕ್ಕೂ ತಳ್ಳಬಹುದಿತ್ತು, ಗುದ್ದಬಹುದಿತ್ತು. ಸ್ಟೀಲರ್ಸ್‌ನದೇ ಮೆಲ್ ಬ್ಲೌಂಟ್ ಎದುರಾಳಿ ರಿಸೀವರುಗಳನ್ನು ಎಷ್ಟು ಕಾಡಿದನೆಂದರೆ, ಐದು ಗಜದ ಆಚೆ ಮುಟ್ಟಬಾರದು ಎಂದು 1978ರಲ್ಲಿ ಬಂದ ನಿಯಮವನ್ನು ಜನ ಇವತ್ತಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲಿಂದ ಚೆಂಡು ಎಸೆಯುವುದು ಸುಲಭವಾಯಿತು, ಕ್ಯಾಚಿನ ಲೆಕ್ಕ ಏರುತ್ತಾ ಹೋಯಿತು. ಸೀಸನ್ನಿಗೆ 14 ಪಂದ್ಯ ಇದ್ದದ್ದು 16 ಆಯಿತು, ಈಗ 17. ಸ್ವಾನ್ ಒಂದು ಕ್ಯಾಚಿಗೆ ಸರಾಸರಿ 16 ಗಜಕ್ಕೂ ಮೇಲೆ ಹೋಗುತ್ತಿದ್ದ, ವಾರ್ಡ್ 12. ಇಬ್ಬರೂ ಮಾಡಿದ್ದು ಒಂದೇ ಕೆಲಸ ಎಂದು ಹೇಗೆ ಹೇಳುವುದು?

‘ಅದನ್ನೇ ನಾನು ಹೇಳ್ತಿರೋದು’ ಎಂದು ಅಜ್ಜ ಕುರ್ಚಿಯಲ್ಲಿ ಮುಂದಕ್ಕೆ ಬಾಗುವುದು ಆಗ. ‘ಕೆಲಸ ಏನಿತ್ತು, ಅದನ್ನ ಮೊದಲು ಕೇಳು.’

ನನಗೆ ಆ ಕೆಲಸ ಏನೆಂದು ಅವರು ತೋರಿಸಿದ್ದು 2006ರ ಚಳಿಗಾಲದಲ್ಲಿ. ಹಿಮ ಬಿದ್ದು ರಸ್ತೆ ಮುಚ್ಚಿತ್ತು, ಗಂಡ ಊರಲ್ಲಿರಲಿಲ್ಲ. ನಮ್ಮ ಮನೆ ಮುಂದಿನ ಹಿಮವನ್ನೂ ಅವರೇ ಎಳೆದುಹಾಕಿ, ಒಳಗೆ ಕರೆದು ಕಾಫಿ ಕೊಟ್ಟರು. ಟಿವಿಯಲ್ಲಿ 2004ರ ಪಂದ್ಯವೊಂದರ ಕ್ಯಾಸೆಟ್ಟು ಓಡುತ್ತಿತ್ತು. ಆ ವರ್ಷದ ಲೀಗ್ ಹಂತದಲ್ಲಿ ಸ್ಟೀಲರ್ಸ್ ಹದಿನೈದು ಗೆದ್ದು ಒಂದೇ ಸೋತಿದ್ದರು. ಬೆನ್ ರಾತ್ಲಿಸ್‌ಬರ್ಗರ್ ಎಂಬ ಹೊಸ ಹುಡುಗ ಕ್ವಾರ್ಟರ್‌ಬ್ಯಾಕ್. ಅವನ ಕೈಯಿಂದ ಹೆಚ್ಚು ಎಸೆಸದೆ, ಜೆರೋಮ್ ಬೆಟಿಸ್‌ನಂಥ ಭಾರಿ ಆಳುಗಳ ಕೈಗೆ ಕೊಟ್ಟು ನುಗ್ಗಿಸುವುದೇ ತಂಡದ ದಾರಿಯಾಗಿತ್ತು. ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು ಸಲ ಚೆಂಡು ಹೊತ್ತು ಓಡಿದ ತಂಡ ಅದು. ಬೆಟಿಸ್ ಚೆಂಡು ಹಿಡಿದು ಹೊರಟ. ನನ್ನ ಕಣ್ಣೂ ಅವನ ಹಿಂದೆ ಹೋಯಿತು.

ಅಜ್ಜ ನಿಲ್ಲಿಸಿ ಹಿಂದಕ್ಕೆ ತಿರುಗಿಸಿದರು. ‘ಚೆಂಡು ನೋಡಬೇಡ. ಎಂಬತ್ತಾರನ್ನು ನೋಡು.’

ನೋಡಿದೆ. ಪರದೆಯ ಅಂಚಿನಲ್ಲಿ 86. ಚೆಂಡು ತನಗೆ ಬರುವುದಿಲ್ಲ ಎಂದು ಅವನಿಗೆ ಗೊತ್ತು. ಇಂಥ ಹೊತ್ತಿನಲ್ಲಿ ಎಷ್ಟೋ ರಿಸೀವರುಗಳು ನಾಲ್ಕು ಹೆಜ್ಜೆ ಓಡಿದ ಹಾಗೆ ಮಾಡಿ ನಿಂತುಬಿಡುತ್ತಾರೆ. ಇವನು ಓರೆಯಾಗಿ ಒಳಕ್ಕೆ ನುಗ್ಗಿದ, ಸೊಂಟ ತಗ್ಗಿಸಿದ, ಓಟ ತಡೆಯಲು ನಿಂತ, ತನಗಿಂತ ಹತ್ತಿಪ್ಪತ್ತು ಕಿಲೊ ಹೆಚ್ಚು ಭಾರದ ಎದುರಾಳಿ ಲೈನ್‌ಬ್ಯಾಕರನ ಎದೆಗೆ ಎರಡೂ ಅಂಗೈ ಊರಿ ಹಿಂದಕ್ಕೆ ನೂಕುತ್ತಾ ಹೋದ. ಆ ಸಂದಿಯಲ್ಲಿ ಬೆಟಿಸ್ ಪಾರಾದ. ಮೂರು ಗಜದಲ್ಲಿ ಮುಗಿಯಬೇಕಾಗಿದ್ದ ಓಟ ಹದಿನೈದು ಗಜ ಹೋಯಿತು. ವಾರ್ಡ್ ನೆಲದಿಂದ ಎದ್ದು, ಎಲ್ಲ ಹಲ್ಲೂ ತೋರಿಸಿ ನಗುತ್ತಿದ್ದ. ಹದಿನೈದು ಗಜವೂ ಬೆಟಿಸ್ ಲೆಕ್ಕಕ್ಕೆ ಸೇರಿತು. ವಾರ್ಡ್‌ನ ಸಾಲಿನಲ್ಲಿ ಬರೆಯುವುದಕ್ಕೆ ಏನೂ ಇರಲಿಲ್ಲ, ಯಾಕೆಂದರೆ ಬ್ಲಾಕಿಗೆ, ಅಂದರೆ ಹೀಗೆ ಅಡ್ಡ ನಿಂತು ಎದುರಾಳಿಯನ್ನು ತಡೆಯುವುದಕ್ಕೆ, ಅಲ್ಲಿ ಕಾಲಮ್ಮೇ ಇಲ್ಲ.

ನನಗೆ ಮೈ ಜುಮ್ಮೆಂದಿತು. ಹೈಸ್ಕೂಲಿನಲ್ಲಿ ನಾನು ಕಬಡ್ಡಿ ಆಡುತ್ತಿದ್ದೆ, ಕವರ್‌ನಲ್ಲಿ. ರೈಡಿಗೆ ಬಂದವಳ ಕಾಲು ಹಿಡಿಯುತ್ತಿದ್ದವಳು ಕಾರ್ನರ್ ಹುಡುಗಿ. ಅವಳು ಕಣಕಾಲಿಗೆ ಕೈ ಹಾಕಿದ ಕ್ಷಣಕ್ಕೆ ಮಧ್ಯದ ಗೆರೆಯ ದಾರಿಗೆ ಅಡ್ಡಬಿದ್ದು ಎದೆಕೊಟ್ಟು ನಿಲ್ಲುವುದು ನನ್ನ ಕೆಲಸ. ಅರ್ಧ ಕ್ಷಣ ತಡವಾದರೆ ರೈಡರ್ ಮುಗ್ಗರಿಸಿಯಾದರೂ ಗೆರೆ ಮುಟ್ಟಿಬಿಡುತ್ತಿದ್ದಳು. ಮಂಡಿ, ಮೊಣಕೈ ತರಚಿ ಕೆಂಪು ಮಣ್ಣು ಗಾಯದೊಳಗೆ ಸೇರಿ, ರಾತ್ರಿ ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ತಾಲ್ಲೂಕು ಮಟ್ಟದಲ್ಲಿ ಗೆದ್ದಾಗ ಪುಸ್ತಕದಲ್ಲಿ ಬರೆದದ್ದು ಹಿಡಿದವಳ ಹೆಸರು. ನನಗೆ ಅದರಿಂದ ಬೇಸರವಾದ ನೆನಪಿಲ್ಲ. ನಮ್ಮ ಏಳು ಜನಕ್ಕೆ ಯಾರು ಏನು ಮಾಡಿದರು ಎಂದು ಗೊತ್ತಿತ್ತು. ಆದರೆ ಸಾವಿರಾರು ಮೈಲಿ ಆಚೆ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದ ಮುದುಕರೊಬ್ಬರು ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿ ಅದೇ ಕೆಲಸವನ್ನು ಬೆರಳಿಟ್ಟು ತೋರಿಸಿದಾಗ ಗಂಟಲು ಕಟ್ಟಿತು.

ಅದೇ ಫೆಬ್ರುವರಿ 5ಕ್ಕೆ ಡೆಟ್ರಾಯಿಟ್‌ನಲ್ಲಿ ಸೂಪರ್ ಬೌಲ್, ಲೀಗಿನ ಫೈನಲ್. ಸಿಯಾಟಲ್ ಮೇಲೆ 21–10ರ ಗೆಲುವು. ವಾರ್ಡ್ ಐದು ಕ್ಯಾಚಿನಲ್ಲಿ 123 ಗಜ ಗಳಿಸಿ ಪಂದ್ಯಪುರುಷನಾದ. ಕೊನೆಯ ಕಾಲು ಭಾಗದಲ್ಲಿ ಬಂದ 43 ಗಜದ ಆ ಟಚ್‌ಡೌನನ್ನು ಈ ಊರಿನವರು ಯಾರೂ ಮರೆತಿಲ್ಲ. ಚೆಂಡು ಕ್ವಾರ್ಟರ್‌ಬ್ಯಾಕಿನಿಂದ ರನ್ನಿಂಗ್ ಬ್ಯಾಕಿಗೆ, ಅಲ್ಲಿಂದ ಎದುರು ದಿಕ್ಕಿಗೆ ಓಡಿಬರುತ್ತಿದ್ದ ಆಂಟ್ವಾನ್ ರ‍್ಯಾಂಡಲ್ ಎಲ್ ಕೈಗೆ. ಅವನೂ ರಿಸೀವರ್, ಆದರೆ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. ಓಡುತ್ತಲೇ ಎಸೆದ. ವಾರ್ಡ್ ಹಿಡಿದು ಗೆರೆ ದಾಟಿದ. ವರ್ಷಗಟ್ಟಲೆ ಓಡಿಸಿದ ತಂಡ, ವರ್ಷಗಟ್ಟಲೆ ಅಡ್ಡ ನಿಂತ ರಿಸೀವರ್. ಓಟ ಅಂದುಕೊಂಡು ಸಿಯಾಟಲಿನವರು ಮುಂದಕ್ಕೆ ಬಂದದ್ದರಲ್ಲಿ ಆಶ್ಚರ್ಯವೇನು ಎಂಬುದು ಅಜ್ಜನ ವ್ಯಾಖ್ಯಾನ. ಆ ಒಂದು ಕ್ಯಾಚಿನ ಹಿಂದೆ ಲೆಕ್ಕಕ್ಕೆ ಬಾರದ ನೂರಾರು ಬ್ಲಾಕುಗಳಿವೆ ಎಂದು ನಾನೂ ನಂಬುತ್ತೇನೆ.

ಮಗನ ಹೆಂಡತಿ ಒಂದು ಮಾತು ಎತ್ತುತ್ತಾಳೆ. ಅದಕ್ಕೆ ನಮ್ಮಿಬ್ಬರಲ್ಲೂ ಉತ್ತರ ಇಲ್ಲ. 2008ರಲ್ಲಿ ಸಿನ್ಸಿನಾಟಿಯ ಕೀತ್ ರಿವರ್ಸ್ ಎಂಬ ಹುಡುಗ ಬೇರೆ ಕಡೆ ನೋಡುತ್ತಿದ್ದಾಗ ವಾರ್ಡ್ ಹಾಕಿದ ಬ್ಲಾಕಿಗೆ ಅವನ ದವಡೆ ಮುರಿಯಿತು. ಆಗಿನ ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಮರುವರ್ಷವೇ ಲೀಗ್ ಅಂಥ ಏಟನ್ನು ನಿಷೇಧಿಸಿತು. ಅದಕ್ಕೆ ಜನ ಇಟ್ಟ ಹೆಸರು ‘ಹೈನ್ಸ್ ವಾರ್ಡ್ ನಿಯಮ’. ನಿಯಮ ಬಂದದ್ದು ಒಳ್ಳೆಯದೇ ಆಯಿತು. ಆ ದೃಶ್ಯವನ್ನು ನಾನು ಎರಡನೇ ಸಲ ನೋಡಿಲ್ಲ, ಅಜ್ಜನೂ ಅದನ್ನು ಹಾಕುವುದಿಲ್ಲ.

ವಾರ್ಡ್ ಮೇಲೆ ನನಗಿರುವ ಅಕ್ಕರೆಗೆ ಇನ್ನೊಂದು ಕಾರಣ ಅವನ ತಾಯಿ. ಅವನು ಹುಟ್ಟಿದ್ದು ಸೋಲ್ ನಗರದಲ್ಲಿ. ತಾಯಿ ಕಿಮ್ ಯಂಗ್-ಹೀ ಕೊರಿಯಾದವರು, ತಂದೆ ಆಫ್ರಿಕನ್ ಅಮೆರಿಕನ್ ಸೈನಿಕ. ಗಂಡ ಬಿಟ್ಟ ಮೇಲೆ, ಬಾರದ ಭಾಷೆಯ ಈ ದೇಶದಲ್ಲಿ, ಮೂರು ಮೂರು ಕಡೆ ಕೆಲಸ ಮಾಡಿ ಆ ತಾಯಿ ಮಗನನ್ನು ಸಾಕಿದರು. ಸೂಪರ್ ಬೌಲ್ ಗೆದ್ದ ಎರಡು ತಿಂಗಳಿಗೆ, ಏಪ್ರಿಲಿನಲ್ಲಿ, ಅವನು ಅಮ್ಮನನ್ನು ಕರೆದುಕೊಂಡು ಕೊರಿಯಾಕ್ಕೆ ಹೋದ. ಅಲ್ಲಿ ತನ್ನ ಹಾಗೆ ಬೆರಕೆ ಎಂದು ಹೀಯಾಳಿಸಿಕೊಳ್ಳುವ ಮಕ್ಕಳಿಗಾಗಿ ಒಂದು ಸಂಸ್ಥೆ ಕಟ್ಟಿದ. ತೋಳಿನ ಮೇಲೆ ಕೊರಿಯನ್ ಲಿಪಿಯಲ್ಲಿ ತನ್ನ ಹೆಸರು ಹಚ್ಚೆ ಹಾಕಿಸಿಕೊಂಡಿದ್ದಾನೆ. ನನ್ನ ಮಗಳು ಅಡುಗೆಮನೆಯ ಮೇಜಿನ ಮೇಲೆ ಕೂತು ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಯುತ್ತಿದ್ದ ದಿನಗಳಲ್ಲಿ ಆ ಹಚ್ಚೆಯ ಚಿತ್ರವನ್ನು ಅವಳಿಗೆ ತೋರಿಸಿದ್ದೆ.

ಕಳೆದ ನವೆಂಬರಿನಲ್ಲಿ ವಾದ ಮತ್ತೆ ಜೋರಾಯಿತು. ಹೊರಗೆ ಸಣ್ಣ ಮಳೆ, ಒಳಗೆ ಬೆಣ್ಣೆಯಲ್ಲಿ ಹುರಿದ ಪಿಯರೋಗಿ. ಅಜ್ಜನ ಮನೆಯ ಈ ಆಲೂಗಡ್ಡೆ ಕಡುಬಿಗೆ ನಾನು ಶುಂಠಿ ಚಟ್ನಿ ಒಯ್ಯುತ್ತೇನೆ, ಅವರಿಗೆ ಅದಿಲ್ಲದೆ ಈಗ ಸೇರುವುದಿಲ್ಲ. ಮಗ ಫೋನು ಹಿಡಿದು ಒಂದೊಂದೇ ಹೆಸರು, ಒಂದೊಂದೇ ಅಂಕಿ ಓದುತ್ತಿದ್ದ. ‘ಬ್ಲಾಕು ಮುಖ್ಯ ಅಂತೀರಲ್ಲ, ಎಷ್ಟು ಮಾಡಿದ? ಒಂದು ಸಂಖ್ಯೆ ಕೊಡಿ.’

ಅಜ್ಜ ಮಾತಾಡದೆ ಎದ್ದರು. ಸ್ಪ್ಯಾನರು, ಮೊಳೆ ಡಬ್ಬಗಳ ಹಿಂದಿನಿಂದ ಒಂದು ಸಣ್ಣ ಪುಸ್ತಕ ತೆಗೆದರು. ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದು, ರಟ್ಟಿನ ಮೂಲೆಗಳು ಎಣ್ಣೆ ಹತ್ತಿ ಕಪ್ಪಾಗಿದ್ದವು. ಪುಟದ ಮೇಲ್ಗಡೆ ಎದುರಾಳಿ ತಂಡದ ಹೆಸರು, ತಾರೀಖು. ಕೆಳಗೆ ಪೆನ್ಸಿಲಿನಲ್ಲಿ ನಾಲ್ಕು ಗೀಟು, ಅಡ್ಡ ಒಂದು ಗೀಟು. ಹಾಲಿನವನ ಲೆಕ್ಕದ ಹಾಗೆ. ಕೆಲವು ಗೀಟು ಒತ್ತಿ ಬರೆದದ್ದು, ಕಾಗದ ಹಿಂದಕ್ಕೆ ಉಬ್ಬಿತ್ತು. ಒಂದೆರಡು ಕಡೆ ಪಕ್ಕದಲ್ಲಿ ಸಣ್ಣ ನಕ್ಷತ್ರ. 1998ರಿಂದ 2011ರ ಸೀಸನ್ನಿನವರೆಗೆ, ಪಾಳಿ ಮುಗಿಸಿ ಬಂದು ನೋಡಿದ ಪ್ರತಿ ಪಂದ್ಯದ್ದೂ ಇದೆಯಂತೆ. ಪಕ್ಕದ ಮನೆಯಲ್ಲಿದ್ದು ಇಷ್ಟು ವರ್ಷ ನನಗೂ ಗೊತ್ತಿರಲಿಲ್ಲ.

ಮಗ ಫೋನು ಕೆಳಗಿಟ್ಟು ಪುಸ್ತಕ ತೆಗೆದುಕೊಂಡ. ಬಹಳ ಹೊತ್ತು ಪುಟ ತಿರುವಿದ.

‘ಒಟ್ಟು ಎಷ್ಟು, ಅಪ್ಪ?’

‘ಕೂಡಿಲ್ಲ’ ಎಂದರು ಅಜ್ಜ. ಟಿವಿಯಲ್ಲಿ ಆಟ ಮತ್ತೆ ಶುರುವಾಗುತ್ತಿತ್ತು.