ವರ್ಚುವಲ್ ಮಷೀನ್‌ನಲ್ಲಿ ವಿಂಡೋಸ್ 98: ಕಡಿಮೆ ಕೊಟ್ಟಷ್ಟೂ ಒಳ್ಳೆಯದು

ವಿಂಡೋಸ್ 98 ಸೆಕೆಂಡ್ ಎಡಿಷನ್ 1999ರ ಯಂತ್ರಗಳಿಗಾಗಿ ಬರೆದದ್ದು. ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರನ್ನು (ಅದೇ ವರ್ಚುವಲ್ ಮಷೀನ್) ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶದಲ್ಲಿ ಅದು ಕೈಕೊಡುವುದು ಹೆಚ್ಚಾಗಿ ನಾವು ಧಾರಾಳವಾಗಿ ಕೊಟ್ಟಾಗಲೇ.

ಮೊದಲು ಮೆಮೊರಿ. 256 ಎಂಬಿ ಧಾರಾಳ ಸಾಕು. 512 ದಾಟಿದರೆ ವಿ-ಕ್ಯಾಶ್ ಎಂಬ ಡಿಸ್ಕ್ ಕ್ಯಾಶ್ ಡ್ರೈವರ್ ಇರುವ ಮೆಮೊರಿಗೆ ತಕ್ಕಂತೆ ತಾನೂ ಹಿಗ್ಗುತ್ತದೆ, ಸಿಸ್ಟಮ್‌ಗೆಂದೇ ಮೀಸಲಾದ ವಿಳಾಸಗಳನ್ನು ನುಂಗಿಬಿಡುತ್ತದೆ. ಆಮೇಲೆ ಡಾಸ್ ಕಿಟಕಿ ತೆರೆಯಲು ಹೋದರೂ ಮೆಮೊರಿ ಸಾಲದು ಎಂಬ ಸಂದೇಶ! ಹೆಚ್ಚು ಬೇಕೇ ಬೇಕೆಂದರೆ ಸಿಸ್ಟಮ್ ಡಾಟ್ ಐಎನ್‌ಐ ಕಡತದ ವಿ-ಕ್ಯಾಶ್ ಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್‌ಗೆ ಮಿತಿ ಹಾಕಬೇಕು. ಆ ತಾಪತ್ರಯ ಯಾರಿಗೂ ಬೇಡ.

ಪ್ರೊಸೆಸರ್ ಒಂದೇ. ಡಿಸ್ಕ್ 4 ಜಿಬಿ, ಐಡಿಇ ಎಂಬ ಹಳೆಯ ಬಗೆಯ ಕಂಟ್ರೋಲರ್‌ನಲ್ಲಿ. ಹೊಸ ಬಗೆಯ ಸಾಟಾಕ್ಕೆ ವಿಂಡೋಸ್ 98ರಲ್ಲಿ ಡ್ರೈವರ್ ಇಲ್ಲ. ನೆಟ್‌ವರ್ಕ್‌ಗೆ ಪಿಸಿನೆಟ್ ಫಾಸ್ಟ್ 3, ಧ್ವನಿಗೆ ಸೌಂಡ್ ಬ್ಲಾಸ್ಟರ್ 16, ಮೌಸ್‌ಗೆ ಯುಎಸ್‌ಬಿ ಟ್ಯಾಬ್ಲೆಟ್ ಬದಲು ಪಿಎಸ್/2.

ಬೂಟ್ ಫ್ಲಾಪಿ ಇಮೇಜ್‌ನಿಂದ ಶುರುಮಾಡಿ, ಸಿಡಿ-ರಾಮ್ ಬೆಂಬಲ ಆರಿಸಿಕೊಳ್ಳಿ. ಪಾರ್ಟಿಷನ್ ಮಾಡುವ ಎಫ್‌ಡಿಸ್ಕ್ ಆದೇಶ ಕೇಳುವ ದೊಡ್ಡ ಡಿಸ್ಕ್ ಪ್ರಶ್ನೆಗೆ ಹೌದು ಎನ್ನಿ. ಫ್ಯಾಟ್32 ಕಡತ ವ್ಯವಸ್ಥೆ ಸಿಗುವುದು ಹಾಗೆಯೇ. ಪಾರ್ಟಿಷನ್ ಮಾಡಿದ ಮೇಲೆ ರೀಬೂಟ್ ಮಾಡದೆ ಫಾರ್ಮ್ಯಾಟ್‌ಗೆ ಹೋಗಬೇಡಿ. ಇಲ್ಲೇ ಅನೇಕರು ತಬ್ಬಿಬ್ಬಾಗುವುದು: ಫ್ಲಾಪಿ ತಾನಾಗಿ ಮೆಮೊರಿಯಲ್ಲೇ ಒಂದು ತಾತ್ಕಾಲಿಕ ಡಿಸ್ಕ್ (ರಾಮ್ ಡ್ರೈವ್) ಮಾಡಿಕೊಳ್ಳುತ್ತದೆ. ಪಾರ್ಟಿಷನ್ ಆದ ಮೇಲೆ ಅದಕ್ಕೆ ಡಿ ಅಕ್ಷರ ಹೋಗುತ್ತದೆ, ಸಿಡಿ ಇ ಆಗುತ್ತದೆ.

ಸಿಡಿಯ ವಿನ್98 ಫೋಲ್ಡರನ್ನು ಪೂರ್ತಿಯಾಗಿ ಸಿ ಡ್ರೈವ್‌ಗೆ ನಕಲಿಸಿ, ಸೆಟಪ್ಪನ್ನು ಅಲ್ಲಿಂದಲೇ ಓಡಿಸಿ. ಆಮೇಲೆ ಪ್ರತಿ ಡ್ರೈವರ್‌ಗೂ ಸಿಡಿ ಹಾಕು ಎಂಬ ಗೋಳು ಇರುವುದಿಲ್ಲ. ನಕಲಿಸುವ ಮೊದಲು ಅದೇ ಫೋಲ್ಡರಿನ ಸ್ಮಾರ್ಟ್‌ಡ್ರೈವ್ ಎಂಬ ಡಿಸ್ಕ್ ಕ್ಯಾಶ್ ಸಾಧನ ಓಡಿಸಿದರೆ ಕೆಲಸ ಬಹಳ ಬೇಗ ಮುಗಿಯುತ್ತದೆ. ಸೆಟಪ್ ಆದೇಶದ ಜೊತೆ ಸ್ಲ್ಯಾಶ್ ಪಿ, ಒಂದು ಜಾಗ, ಜೆ ಸೇರಿಸಿದರೆ ವಿದ್ಯುತ್ ನಿರ್ವಹಣೆಯ ಎಸಿಪಿಐ ಸಹಿತ ಇನ್‌ಸ್ಟಾಲ್ ಆಗುತ್ತದೆ.

ಕಡತಗಳ ನಕಲು ಮುಗಿದು ಮೊದಲ ರೀಬೂಟ್ ಬಂದಾಗ ನಿಲ್ಲಿ, ಸ್ನ್ಯಾಪ್‌ಶಾಟ್ (ಯಂತ್ರದ ಆಗಿನ ಸ್ಥಿತಿಯ ಪ್ರತಿ) ತೆಗೆಯಿರಿ. ಇತ್ತೀಚಿನ ಪ್ರೊಸೆಸರ್‌ಗಳಲ್ಲಿ ಮುಂದಿನ ಹಂತದಲ್ಲೇ ವಿಂಡೋಸ್ ಪ್ರೊಟೆಕ್ಷನ್ ಎರರ್ ಅಥವಾ ಕಾರಣವಿಲ್ಲದ ಇಲ್ಲೀಗಲ್ ಆಪರೇಷನ್ ಕಾಣಿಸಬಹುದು. ಪೇಜ್ ಟೇಬಲ್ (ಮೆಮೊರಿ ವಿಳಾಸಗಳ ಪಟ್ಟಿ) ಬದಲಿಸಿದ ಮೇಲೆ, ಆ ಪಟ್ಟಿಯ ನಮೂದುಗಳನ್ನು ಪ್ರೊಸೆಸರ್ ನೆನಪಿಟ್ಟುಕೊಳ್ಳುವ ಟಿಎಲ್‌ಬಿಯಲ್ಲಿರುವ ಹಳೆಯ ನಮೂದನ್ನು ಅಳಿಸಬೇಕಾದ ಕಡೆ ವಿಂಡೋಸ್ 98 ಅಳಿಸುವುದಿಲ್ಲ. ಹಳೆಯ ಚಿಪ್‌ಗಳಲ್ಲಿ ಈ ತಪ್ಪು ಹೊರಗೆ ಬರುತ್ತಿರಲಿಲ್ಲ, ಹೊಸದರಲ್ಲಿ ಬರುತ್ತದೆ. ಪ್ಯಾಚರ್9ಎಕ್ಸ್ ಎಂಬ ಉಚಿತ ಸಾಧನದ ಫ್ಲಾಪಿ ಇಮೇಜ್‌ನಿಂದ ಬೂಟ್ ಮಾಡಿ, ಸಿ ಡ್ರೈವ್‌ನಲ್ಲಿರುವ ವಿಂಡೋಸ್ ಫೋಲ್ಡರಿಗೆ ಪ್ಯಾಚ್ ಹಾಕಿ. ಬಳಿಕ ಫ್ಲಾಪಿ ತೆಗೆದು ಸೆಟಪ್ ಮುಂದುವರಿಸಿ.

ಡೆಸ್ಕ್‌ಟಾಪ್ ಬಂದ ಮೇಲೆ ಡಿವೈಸ್ ಮ್ಯಾನೇಜರ್ ನೋಡಲೇಬೇಕು. ಕೆಲವೊಮ್ಮೆ ನೆಟ್‌ವರ್ಕ್ ಕಾರ್ಡ್ ಪಟ್ಟಿಯಲ್ಲೇ ಇರುವುದಿಲ್ಲ. ಸಿಸ್ಟಮ್ ಡಿವೈಸಸ್ ಕೆಳಗೆ ಪ್ಲಗ್ ಅಂಡ್ ಪ್ಲೇ ಬಯಾಸ್ ಪಕ್ಕ ಹಳದಿ ಗುರುತು ಮಾತ್ರ ಇರುತ್ತದೆ. ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ, ಕಾರ್ಡ್‌ಗಳನ್ನು ಜೋಡಿಸುವ ಪಿಸಿಐ ಬಸ್ಸೇ ಪತ್ತೆಯಾಗಿಲ್ಲ. ಹಳದಿ ಗುರುತಿನ ಆ ಬಯಾಸ್‌ನ ಡ್ರೈವರ್ ಅಪ್‌ಡೇಟ್‌ಗೆ ಹೋಗಿ, ಎಲ್ಲ ಹಾರ್ಡ್‌ವೇರ್ ತೋರಿಸುವ ಪಟ್ಟಿಯಿಂದ ಪಿಸಿಐ ಬಸ್ ಆರಿಸಿ. ರೀಬೂಟ್ ಆದೊಡನೆ ಸಾಧನಗಳು ಒಂದೊಂದಾಗಿ ಸಿಗತೊಡಗುತ್ತವೆ. ಅಲ್ಲೇ ಡಿಸ್ಕ್‌ನ ಪ್ರಾಪರ್ಟೀಸ್‌ನಲ್ಲಿ ಪ್ರೊಸೆಸರ್ ಹೊರೆ ಇಳಿಸುವ ಡಿಎಂಎ ಟಿಕ್ ಮಾಡಿ.

ಪರದೆ 640×480, 16 ಬಣ್ಣಗಳಲ್ಲಿ ನಿಂತಿರುತ್ತದೆ. ವಿಂಡೋಸ್ 98ಕ್ಕೆ ವರ್ಚುವಲ್‌ಬಾಕ್ಸ್‌ನ ಗೆಸ್ಟ್ ಅಡಿಷನ್ಸ್ ಎಂಬ ಡ್ರೈವರ್ ಕಟ್ಟು ಇಲ್ಲ. ಬಣ್ಣಗಳಷ್ಟೇ ಸಾಕಾದರೆ ವಿಬಿಇಎಂಪಿ ಡ್ರೈವರ್. ತ್ರೀಡಿ ಆಟ ಆಡಬೇಕಾದರೆ ಸಾಫ್ಟ್‌ಜಿಪಿಯು ಡ್ರೈವರ್.

ಕಡತ ಒಳಗೆ ಕಳಿಸಲು ಐಎಸ್‌ಒ (ಸಿಡಿ ಇಮೇಜ್) ಮಾಡಿ ಸಿಡಿಯಾಗಿ ಜೋಡಿಸುವುದೇ ಸುಲಭ. ಇಂಟರ್‌ನೆಟ್‌ಗೆ ಜೋಡಿಸಬೇಡಿ: ಭದ್ರತಾ ಬೆಂಬಲ 2006ರ ಜುಲೈ 11ಕ್ಕೇ ನಿಂತಿದೆ, ಇದರ ಬ್ರೌಸರ್‌ನಲ್ಲಿ ಇಂದಿನ ತಾಣಗಳು ಹೇಗೂ ತೆರೆಯುವುದಿಲ್ಲ.