ಗಾಡಿಯ ಬೆಲೆ ಇಳಿಯುತ್ತದೆ, ಬಿಡಿಭಾಗದ್ದು ಇಳಿಯುವುದಿಲ್ಲ

ಹತ್ತು ಹನ್ನೆರಡು ವರ್ಷ ಓಡಿದ ಬಿಎಂಡಬ್ಲ್ಯು ಎಂ5, ಮರ್ಸಿಡಿಸ್ ಇ63 ಎಎಂಜಿ, ಆಡಿ ಆರ್‌ಎಸ್‌ನಂಥ ಭಾರಿ ಶಕ್ತಿಯ ಗಾಡಿಗಳ ದರ ನೋಡಿದರೆ ಎಂಥವರಿಗೂ ಆಸೆ ಹುಟ್ಟುತ್ತದೆ. ಹೊಸದಿದ್ದಾಗಿನ ಬೆಲೆಯ ಸಣ್ಣ ಪಾಲಿಗೆ ಕೈಗೆ ಬರುತ್ತವೆ. ಆದರೆ ಅವುಗಳ ಟರ್ಬೊ (ಎಂಜಿನಿಗೆ ಗಾಳಿ ಒತ್ತಿ ತುಂಬುವ ಸಾಧನ), ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಬ್ರೇಕ್ ಡಿಸ್ಕ್‌ಗಳ ದರ ಮಾತ್ರ ಷೋರೂಮಿನಲ್ಲಿ ನಿಂತಿದ್ದ ದಿನದ ದರ್ಜೆಯಲ್ಲೇ ಉಳಿದಿರುತ್ತದೆ. ಹಾಗಾಗಿ ‘ಕೊಳ್ಳುವಷ್ಟು ಹಣ ಇದೆಯೇ’ ಎಂದು ಕೇಳಿಕೊಂಡರೆ ಸಾಲದು. ಆ ಮಾಡೆಲ್‌ಗೆ ಬರಬಹುದಾದ ಅತಿ ದೊಡ್ಡ ರಿಪೇರಿ ಯಾವುದೆಂದು ತಿಳಿದುಕೊಂಡು, ಅದರ ಖರ್ಚನ್ನು ಗಾಡಿ ಕೊಳ್ಳುವ ದಿನವೇ ಬೇರೆಯಾಗಿ ತೆಗೆದಿಡಲು ಆಗುತ್ತದೆಯೇ ಎಂದು ನೋಡಬೇಕು. ಆಗದಿದ್ದರೆ ಒಂದು ಮೆಟ್ಟಿಲು ಕೆಳಗಿನ ಗಾಡಿ ಸಾಕು: ಆಡಿಯಲ್ಲಿ ಆರ್‌ಎಸ್ ಬದಲು ಎಸ್, ಬಿಎಂಡಬ್ಲ್ಯುನಲ್ಲಿ ಎಂ5 ಬದಲು ಎಂ550ಐ. ಮನೆಯಲ್ಲಿ ಇರುವುದು ಇದೊಂದೇ ಗಾಡಿ ಎಂದಾದರೂ ಬೇಡ. ಒಂದು ಬಿಡಿಭಾಗ ಬರುವವರೆಗೆ ವಾರಗಟ್ಟಲೆ ರ್‍ಯಾಂಪಿನ ಮೇಲೆ ನಿಲ್ಲುವುದು ಈ ಜಾತಿಯ ಗಾಡಿಗಳಿಗೆ ಹೊಸದೇನಲ್ಲ.

ಮೊದಲು ಆರಿಸಬೇಕಾದದ್ದು ಎಂಜಿನ್ ಅನ್ನು. ಬಣ್ಣ, ಸೀಟು, ಸೌಂಡ್ ಸಿಸ್ಟಮ್ ಎಲ್ಲ ಆಮೇಲೆ.

2005ರಿಂದ 2010ರವರೆಗೆ ಬಂದ ಇ60 ತಲೆಮಾರಿನ ಎಂ5 ಅನ್ನೇ ಉದಾಹರಣೆಗೆ ನೋಡಿ. ಅದರ ಎಸ್85 ಎಂಬ ಹತ್ತು ಸಿಲಿಂಡರಿನ ವಿ10 ಎಂಜಿನ್ 5 ಲೀಟರಿನದು, 507 ಪಿಎಸ್ (ಅಶ್ವಶಕ್ತಿ), 8,250 ಆರ್‌ಪಿಎಂವರೆಗೆ ತಿರುಗುತ್ತದೆ. ಇದರ ದೌರ್ಬಲ್ಯ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕಾನ್‌ರಾಡ್‌ನ ಬೇರಿಂಗ್‌ಗಳಲ್ಲಿದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಬಿಟ್ಟಿರುವ ಜಾಗ ಕಡಿಮೆ, ಹಾಕುವ ಆಯಿಲ್ 10ಡಬ್ಲ್ಯು-60, ಅಂದರೆ ತಣ್ಣಗಿರುವಾಗ ದಪ್ಪ. ಎಂಜಿನ್ ಬಿಸಿಯಾಗುವ ಮೊದಲೇ ಎಕ್ಸಲರೇಟರ್ ಒತ್ತಿದವರ ಗಾಡಿಯಲ್ಲಿ ಬೇರಿಂಗ್ ಮೇಲ್ಪದರ ಬೇಗ ಸವೆಯುತ್ತದೆ. ಕೊನೆಗೆ ಬೇರಿಂಗ್ ಜಾರಿ ತಿರುಗಿದರೆ ಕ್ರ್ಯಾಂಕ್ ಕೆಡುತ್ತದೆ, ಕೆಲವೊಮ್ಮೆ ರಾಡ್ ಬ್ಲಾಕನ್ನೇ ಒಡೆದು ಹೊರಬರುತ್ತದೆ. ಇ90, ಇ92 ಎಂ3ಗಳ 4 ಲೀಟರ್ ಎಸ್65 ವಿ8 ಇದೇ ಕುಟುಂಬದ್ದು, ರೋಗವೂ ಅದೇ. ಮುಂಜಾಗ್ರತೆಯಾಗಿ ಬೇರಿಂಗ್ ಬದಲಿಸಲು ಎಂಜಿನ್ ಇಳಿಸಬೇಕಿಲ್ಲ. ಮುಂದಿನ ಸಬ್‌ಫ್ರೇಮ್ ಇಳಿಸಿ, ಆಯಿಲ್ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ತೆಗೆದು ಕೆಳಗಿನಿಂದಲೇ ಮಾಡುತ್ತಾರೆ. ರಾಡ್ ಬೋಲ್ಟ್‌ಗಳನ್ನು ಮಾತ್ರ ಹೊಸದೇ ಹಾಕಬೇಕು, ಒಮ್ಮೆ ಎಳೆದು ಬಿಗಿದದ್ದನ್ನು ಮತ್ತೆ ಬಳಸುವಂತಿಲ್ಲ. ಈ ಕೆಲಸ ಆಗಿದೆ ಎನ್ನುವ ಮಾರಾಟಗಾರನ ಬಳಿ ಬಿಲ್, ಎಷ್ಟು ಕಿಲೋಮೀಟರಿಗೆ ಆಯಿತೆಂಬ ನಮೂದು, ತೆಗೆದ ಹಳೆಯ ಬೇರಿಂಗ್‌ಗಳ ಫೋಟೊ ಕೇಳಿ. ಅವಿಲ್ಲದಿದ್ದರೆ ಕೆಲಸ ಆಗಿಲ್ಲವೆಂದೇ ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯಿರಿ. ಆಯಿಲ್ ಪರೀಕ್ಷೆ ಮಾಡಿಸಿದ್ದೇವೆ, ಸೀಸ ಕಾಣಲಿಲ್ಲ ಎಂಬ ಮಾತಿಗೆ ಪೂರ್ತಿ ಮರುಳಾಗಬೇಡಿ. ಮೊದಲಿನ ಬೇರಿಂಗ್‌ಗಳು ಸೀಸ-ತಾಮ್ರದವು, ಆಮೇಲಿನವು ಅಲ್ಯೂಮಿನಿಯಂ-ತವರದವು. ಎರಡನೆಯದು ಎಷ್ಟು ಸವೆದರೂ ವರದಿಯಲ್ಲಿ ಸೀಸ ಬರುವುದಿಲ್ಲ. ಇದರ ಜೊತೆಗೆ ಎಂಜಿನಿಗೆ ಗಾಳಿ ಬಿಡುವ ಥ್ರಾಟಲ್ ಆಕ್ಚುಯೇಟರ್‌ಗಳು ಎರಡು, ಎಂ5ನಲ್ಲಿ ಎಸ್‌ಎಂಜಿ (ಕ್ಲಚ್ ಪೆಡಲ್ ಇಲ್ಲದ) ಗೇರ್‌ಬಾಕ್ಸಿನ ಹೈಡ್ರಾಲಿಕ್ ಪಂಪು, ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯಾನೋಸ್ ವ್ಯವಸ್ಥೆಯ ಹೈ ಪ್ರೆಷರ್ ಪಂಪು ಕೂಡ ಖರ್ಚಿನ ಪಟ್ಟಿಯಲ್ಲಿರಲಿ.

ಎಎಂಜಿಯ ಎಂ156, ಹೆಸರಿಗೆ 6.3 ಆದರೂ ನಿಜಕ್ಕೂ 6.2 ಲೀಟರ್ ವಿ8, ಕಿವಿಗೆ ಹಬ್ಬ. ಆದರೆ ಮೊದಲ ವರ್ಷಗಳ ಎಂಜಿನ್‌ಗಳಲ್ಲಿ ಸಿಲಿಂಡರ್ ಹೆಡ್ ಬಿಗಿಯುವ ಬೋಲ್ಟ್‌ಗಳು ತುಕ್ಕು ಹಿಡಿದು ತಲೆ ಮುರಿಯುತ್ತಿದ್ದವು, ಕೂಲೆಂಟ್ ಸಿಲಿಂಡರಿಗೆ ಇಳಿಯುತ್ತಿತ್ತು. ನಂತರ ಕಂಪನಿ ಬೋಲ್ಟ್ ಬದಲಿಸಿತು. ನೀವು ನೋಡುತ್ತಿರುವ ಎಂಜಿನ್ ನಂಬರ್ ಬದಲಾವಣೆಗೆ ಮೊದಲಿನದೋ ಆಮೇಲಿನದೋ ಎಂದು ಖಚಿತ ಮಾಡಿಕೊಳ್ಳಿ. ಸ್ಟಾರ್ಟ್ ಆದ ಮೇಲೂ ಟಿಕ್ ಟಿಕ್ ಸದ್ದು ನಿಲ್ಲದಿದ್ದರೆ ವಾಲ್ವ್‌ಗಳನ್ನು ಒತ್ತುವ ಟ್ಯಾಪೆಟ್, ಕ್ಯಾಮ್‌ಶಾಫ್ಟ್ ಸವೆದಿರುವ ಸಾಧ್ಯತೆ ಇದೆ.

ಬಿಎಂಡಬ್ಲ್ಯು ಎನ್63, ಎಸ್63 ವಿ8ಗಳಲ್ಲಿ ಟರ್ಬೊಗಳು ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲೇ ಕೂತಿರುತ್ತವೆ. ಆ ಕಾವಿಗೆ ಸುತ್ತಲಿನ ರಬ್ಬರ್, ಪ್ಲಾಸ್ಟಿಕ್ ಬೇಗ ಗಟ್ಟಿಯಾಗಿ ಬಿರಿಯುತ್ತವೆ. ಎನ್63ರಲ್ಲಂತೂ ವಾಲ್ವ್ ಸ್ಟೆಮ್ ಸೀಲ್ (ವಾಲ್ವ್ ಕಡ್ಡಿಯ ಸೀಲ್) ಹೋಗಿ ಆಯಿಲ್ ಕುಡಿಯುವುದು ಮಾಮೂಲು. ಪರೀಕ್ಷೆ ಸುಲಭ: ಬಿಸಿಯಾದ ಎಂಜಿನನ್ನು 15 ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಮೇಲೆ ಒಮ್ಮೆ ರೇಸ್ ಮಾಡಿ. ಹಿಂದೆ ನೀಲಿ ಹೊಗೆಯ ಮೋಡ ಎದ್ದರೆ ಉತ್ತರ ಸಿಕ್ಕಂತೆ. ಆಡಿಯ 4.2 ಎಫ್‌ಎಸ್‌ಐ ವಿ8ನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುವುದರಿಂದ ಇನ್‌ಟೇಕ್ ವಾಲ್ವ್ ಮೇಲೆ ಇಂಗಾಲ ಕಟ್ಟುತ್ತದೆ. ವಾಲ್‌ನಟ್ ಚಿಪ್ಪಿನ ಪುಡಿ ಊದಿ ತೆಗೆಸಬಹುದು. ಆದರೆ ಅದರ ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಕಡೆಗಿದೆ, ಅಲ್ಲಿ ಸದ್ದು ಬಂದರೆ ಎಂಜಿನ್ ಇಳಿಸುವ ಕೆಲಸ.

ಪೋರ್ಷೆ 911ರ 996 ಮಾಡೆಲ್‌ನಲ್ಲಿ, 997ರಲ್ಲಿ 2008ರವರೆಗೆ ಐಎಂಎಸ್ (ಎಂಜಿನ್ ಒಳಗಿನ ಇಂಟರ್‌ಮೀಡಿಯೇಟ್ ಶಾಫ್ಟ್) ಬೇರಿಂಗ್ ಭಯ ಜಗಜ್ಜಾಹೀರು. ಅದಕ್ಕಿಂತ ಜನ ಕಡಿಮೆ ಮಾತಾಡುವ, ನನ್ನ ಪ್ರಕಾರ ಹೆಚ್ಚು ಹೆದರಬೇಕಾದ ವಿಷಯ ಸಿಲಿಂಡರ್ ಗೋಡೆಯ ಗೀರು. ಸೈಲೆನ್ಸರಿನ ಒಂದು ಬದಿಯ ತುದಿ ಇನ್ನೊಂದಕ್ಕಿಂತ ಹೆಚ್ಚು ಮಸಿ ಹಿಡಿದಿದ್ದರೆ, ಟಕ್ ಟಕ್ ಸದ್ದಿದ್ದರೆ, ಬೋರ್‌ಸ್ಕೋಪ್ (ಸಿಲಿಂಡರಿನೊಳಗೆ ಇಳಿಯುವ ತೆಳು ಕ್ಯಾಮೆರಾ) ಇಳಿಸಿ ನೋಡದೆ ಮುಂದಿನ ಮಾತು ಬೇಡ. ಆ ಕಾಲದ ಟರ್ಬೊ, ಜಿಟಿ3ಗಳ ಮೆಟ್ಸ್‌ಗರ್ ಎಂಬ ಬೇರೆಯೇ ಎಂಜಿನಿಗೆ ಈ ಎರಡೂ ಕಾಟವಿಲ್ಲ. ಅಂಟು ಹಾಕಿ ಕೂರಿಸಿದ ಕೂಲೆಂಟ್ ಪೈಪ್ ಕೊನೆಗಳು ಮಾತ್ರ ಬಿಟ್ಟುಕೊಳ್ಳುತ್ತವೆ, ವೆಲ್ಡ್ ಅಥವಾ ಪಿನ್ ಮಾಡಿಸಿದ್ದಾರೆಯೇ ಕೇಳಿ.

ಕಡಿಮೆ ಓಡಿದ ಗಾಡಿ ಎಂದರೆ ಒಳ್ಳೆಯ ಗಾಡಿ ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡಿ ಉಳಿದ ದಿನ ನಿಂತೇ ಇದ್ದ ಗಾಡಿಯಲ್ಲಿ ಸೀಲ್‌ಗಳು ಒಣಗಿರುತ್ತವೆ, ಬ್ರೇಕ್ ಆಯಿಲ್ ತೇವ ಹೀರಿರುತ್ತದೆ, ಬ್ಯಾಟರಿ ಇಳಿದು ಒಂದೊಂದೇ ಕಂಟ್ರೋಲ್ ಯೂನಿಟ್ ದೋಷ ತೋರಿಸುತ್ತದೆ. ಪ್ರತಿ ವರ್ಷ ಆಯಿಲ್, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿಕೊಂಡು ಒಂದು ಲಕ್ಷ ಓಡಿದ ಗಾಡಿ ಎಷ್ಟೋ ಮೇಲು. ಗೇರ್‌ಬಾಕ್ಸ್ ಆಯಿಲ್ ‘ಜೀವಮಾನಕ್ಕೆ ಸಾಕು’ ಎಂಬುದನ್ನೂ ನಂಬಬೇಡಿ. 8 ಗೇರಿನ ಆಟೊಮ್ಯಾಟಿಕ್ ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ನಡುವೆ ಬದಲಿಸಲು ಹೇಳುತ್ತದೆ.

ಮೀಟರ್ ತಿರುಗಿಸಿದ್ದಾರೋ ಇಲ್ಲವೋ ತಿಳಿಯಲು ಎಂಜಿನ್ ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ನೋಡಿ. ಹಲವು ಗಾಡಿಗಳಲ್ಲಿ ಇಸಿಯು (ಎಂಜಿನ್ ಕಂಪ್ಯೂಟರ್) ಅದನ್ನು ಇಟ್ಟಿರುತ್ತದೆ. 80,000 ಕಿಲೋಮೀಟರಿಗೆ 2,000 ಗಂಟೆ ಎಂದರೆ ಸರಾಸರಿ ವೇಗ 40, ಒಪ್ಪಬಹುದು. ಅದೇ 5,000 ಗಂಟೆ ತೋರಿಸಿದರೆ ಸರಾಸರಿ 16. ಒಂದೋ ಗಾಡಿ ಟ್ರಾಫಿಕ್‌ನಲ್ಲೇ ಬೆಂದಿದೆ, ಇಲ್ಲವೇ ಯಾರೋ ಕೈಯಾಡಿಸಿದ್ದಾರೆ. ಸ್ಕ್ಯಾನ್ ಮಾಡಿಸುವುದಿದ್ದರೆ ಆಯಾ ಕಂಪನಿಯ ಸಾಫ್ಟ್‌ವೇರ್‌ನಲ್ಲೇ ಮಾಡಿಸಿ: ಬಿಎಂಡಬ್ಲ್ಯುಗೆ ಇಸ್ಟಾ, ಮರ್ಸಿಡಿಸ್‌ಗೆ ಕ್ಸೆಂಟ್ರಿ, ಪೋರ್ಷೆಗೆ ಪೀವಿಸ್, ಆಡಿಗೆ ಓಡಿಸ್. ದೋಷ ಓದುವ ಅಗ್ಗದ ಓಬಿಡಿ ರೀಡರ್ ಎಂಜಿನ್ ಬಿಟ್ಟು ಬೇರೇನನ್ನೂ ಅಷ್ಟಾಗಿ ಓದುವುದಿಲ್ಲ. ದೋಷಗಳು ಒಂದೂ ಇಲ್ಲ, ಆದರೆ ರೆಡಿನೆಸ್ ಪರೀಕ್ಷೆಗಳು (ಗಾಡಿ ತನ್ನನ್ನೇ ಪರೀಕ್ಷಿಸಿಕೊಳ್ಳುವುದು) ಅರ್ಧಕ್ಕೇ ನಿಂತಿವೆ ಎಂದಾದರೆ ಈಚೆಗೆ ಬ್ಯಾಟರಿ ತೆಗೆದಿರಬಹುದು, ಅಥವಾ ನೀವು ಬರುವ ಮುನ್ನ ಯಾರೋ ದೋಷಗಳ ದಾಖಲೆ ಒರೆಸಿದ್ದಾರೆ. 997ರಿಂದ ಈಚಿನ ಪೋರ್ಷೆಯಲ್ಲಿ ಓವರ್‌ರೆವ್ (ಎಂಜಿನ್ ಮಿತಿ ಮೀರಿ ತಿರುಗಿದ) ದಾಖಲೆ ಆರು ಹಂತಗಳಲ್ಲಿ ಸಿಗುತ್ತದೆ. ಮ್ಯಾನ್ಯುಯಲ್ ಗಾಡಿಯಲ್ಲಿ 4ನೇ ಹಂತ ದಾಟಿದ ಎಣಿಕೆ ಇತ್ತೀಚಿನ ಗಂಟೆಗಳದ್ದಾದರೆ, ಯಾರೋ ತಪ್ಪು ಗೇರಿಗೆ ಇಳಿಸಿದ್ದಾರೆ.

ನೋಡಲು ಹೋಗುವಾಗ ಎಂಜಿನ್ ತಣ್ಣಗೇ ಇರಲಿ ಎಂದು ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ಚೈನ್ ಸಡಿಲವಿದ್ದರೆ ಅದರ ಗಲಗಲ ಕೇಳುವುದು ತಣ್ಣಗಿನ ಸ್ಟಾರ್ಟಿನ ಮೊದಲ ಎರಡು ಮೂರು ಸೆಕೆಂಡಿನಲ್ಲಿ. ಏರ್ ಸಸ್ಪೆನ್ಷನ್ ಇದ್ದರೆ ರಾತ್ರಿಯಿಡೀ ನಿಂತ ಗಾಡಿಯನ್ನೇ ನೋಡಬೇಕು, ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ. ಅದನ್ನು ಹಾಗೇ ಬಿಟ್ಟರೆ ಕಂಪ್ರೆಸರ್ ಓಡಿ ಓಡಿ ಸುಟ್ಟುಹೋಗುತ್ತದೆ.

ಟೈರ್ ಮೇಲಿನ ನಾಲ್ಕು ಅಂಕಿ ಓದಿ: 3521 ಎಂದರೆ 2021ರ 35ನೇ ವಾರ. ನಾಲ್ಕು ಚಕ್ರಕ್ಕೆ ನಾಲ್ಕು ಬ್ರ್ಯಾಂಡ್ ಅಗ್ಗದ ಟೈರ್ ಹಾಕಿದವನು ಗೇರ್‌ಬಾಕ್ಸ್ ಆಯಿಲ್‌ಗೆ ಹಣ ಕೊಟ್ಟಿರುತ್ತಾನೆಯೇ? ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಲ್ಲಿ ಹಿಂದಿನ ಮುಂದಿನ ಟೈರ್ ಸವೆತದ ಅಂತರ ಹೆಚ್ಚಿದ್ದರೆ ಟ್ರಾನ್ಸ್‌ಫರ್ ಕೇಸ್ (ಹಿಂದೆ ಮುಂದೆ ಶಕ್ತಿ ಹಂಚುವ ಭಾಗ) ಪೆಟ್ಟು ತಿಂದಿರಬಹುದು. ಕಬ್ಬಿಣದ ಡಿಸ್ಕ್ ಆದರೆ ಅದರ ಮೇಲೆಯೇ ಕನಿಷ್ಠ ದಪ್ಪ ಕೆತ್ತಿರುತ್ತದೆ, ಅಳೆದರೆ ಮುಗಿಯಿತು. ಕಾರ್ಬನ್ ಸೆರಾಮಿಕ್ ಡಿಸ್ಕಿನ ಸವೆತ ತಿಳಿಯಲು ಸಾಮಾನ್ಯವಾಗಿ ತೂಗಬೇಕು, ಕನಿಷ್ಠ ತೂಕ ಡಿಸ್ಕಿನ ಮೇಲೆ ಇರುತ್ತದೆ. ಅಂಚು ಚಕ್ಕೆ ಎದ್ದಿದ್ದರೆ ಬದಲಿಸಬೇಕಾಗಬಹುದು, ಅದೊಂದೇ ಖರ್ಚು ಚೌಕಾಸಿಯ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಪೇಂಟ್ ಗೇಜ್‌ನಲ್ಲಿ ಕಂಪನಿ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್, ಅದು ಐನೂರು ದಾಟಿದರೆ ಒಳಗೆ ಪುಟ್ಟಿ ಇದೆ. ಅಲ್ಯೂಮಿನಿಯಂ ಬಾಡಿಗೆ ಅದನ್ನೂ ಓದುವ ಗೇಜ್ ಬೇಕು.

ಓಡಿಸುವಾಗ ಆಯಿಲ್ 90 ಡಿಗ್ರಿ ಮುಟ್ಟುವವರೆಗೆ ನಿಧಾನ. ಮಾರುವವನೇ ತಣ್ಣಗಿರುವಾಗ ರೇಸ್ ಮಾಡಿ ತೋರಿಸಿದರೆ ಅಲ್ಲೇ ಕೈಮುಗಿದು ಬನ್ನಿ. ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ ಕೆಳಗಿನಿಂದ ಪೂರ್ತಿ ಒತ್ತಿ ಎಳೆಯಿರಿ. ಮಿಸ್‌ಫೈರ್, ಬೂಸ್ಟ್ (ಟರ್ಬೊ ಒತ್ತುವ ಗಾಳಿ) ಸೋರಿಕೆ ಇದ್ದರೆ ಆಗ ಬಯಲಾಗುತ್ತದೆ. ಡ್ಯುಯಲ್ ಕ್ಲಚ್ ಗಾಡಿಯನ್ನು ಬಿಸಿಯಿದ್ದಾಗ ಏರಿನಲ್ಲಿ ತೆವಳಿಸಿ, ನಡುಗಿದರೆ ಕ್ಲಚ್ ಸವೆದಿರಬಹುದು.

ಶಕ್ತಿ ಹೆಚ್ಚಿಸಲು ಇಸಿಯು ರೀಮ್ಯಾಪ್ ಮಾಡಿ, ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕಿದ ಗಾಡಿಗಳನ್ನು ನಾನಂತೂ ಬಿಡಿ ಎಂದೇ ಹೇಳುತ್ತೇನೆ, ಬೆಲೆ ಎಷ್ಟೇ ಕಡಿಮೆಯಿರಲಿ. ‘ಮತ್ತೆ ಸ್ಟಾಕ್ (ಕಂಪನಿಯಿಂದ ಬಂದ ಹಾಗೆ) ಮಾಡಿದ್ದೇವೆ’ ಎಂದರೂ ಹೆಚ್ಚಿನ ಬೂಸ್ಟ್‌ನಲ್ಲಿ ಓಡಿದ ಪಿಸ್ಟನ್, ಗೇರ್‌ಬಾಕ್ಸ್‌ಗಳು ಸ್ಟಾಕ್ ಆಗುವುದಿಲ್ಲ. ಉಳಿದದ್ದಕ್ಕೆ, ಮುಂಗಡ ಕೊಡುವ ಮೊದಲು ಆ ಮಾಡೆಲ್ ಬಲ್ಲ ಸ್ವತಂತ್ರ ಗ್ಯಾರೇಜಿನಲ್ಲಿ ಕೆಳಗಿನ ಕವರ್ ಬಿಚ್ಚಿಸಿ ರ್‍ಯಾಂಪಿನ ಮೇಲೆ ತೋರಿಸಿ. ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಕೊಟ್ಟು ಬಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಕರೆದಿರುವುದು) ಇದೆಯೇ, ವಿಮೆಯ ಪ್ರೀಮಿಯಂ ಎಷ್ಟು ಎಂಬುದನ್ನೂ ಆ ಮೊದಲೇ ಕೇಳಿಬಿಡಿ. ಗಾಡಿ ಕೈಗೆ ಬಂದ ವಾರವೇ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಆಯಿಲ್‌ಗಳನ್ನು ಬದಲಿಸಿ. ಆಗ ತೆಗೆದ ಆಯಿಲ್ ಫಿಲ್ಟರನ್ನು ಎಸೆಯದೆ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಹೊಳೆಯುವ ಚೂರು ಕಂಡರೆ ಆಯಿಲ್ ಸಂಪ್ ತೆಗೆಸಿ ಬೇರಿಂಗ್ ನೋಡುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ.